ಹಳೆಯ ಗ್ರಾಮೊಫೋನು: ದುರಸ್ತಿಯೊ, ಹೊಸದೊ?



ಮನೆಯಲ್ಲಿ ಒಂದು ಹಳೆಯ ಹಾಡಿನ ಪೆಟ್ಟಿಗೆಯಿದೆ. ಒಂದು ಕಾಲಕ್ಕೆ ಅದು ಹಾಡುತ್ತಿತ್ತು; ಈಗ ಹಾಡುವುದಿಲ್ಲ. ಅದನ್ನು ದುರಸ್ತಿ ಮಾಡಿಸುವುದು ಲೇಸೊ, ಬಿಟ್ಟು ಹೊಸದನ್ನು ಕೊಳ್ಳುವುದು ಲೇಸೊ? ಇದು ಲೋಕವನ್ನು ಕಾಡುತ್ತಿರುವ ಮಹಾಸಮಸ್ಯೆಗಳಲ್ಲಿ ಒಂದಲ್ಲವೆಂದು ನಾನು ಬಲ್ಲೆನು. ಆದರೂ ಅಣ್ಣತಮ್ಮಂದಿರು ಎದುರುಬದುರು ಕುಳಿತು ಒಂದು ಇಡೀ ರಾತ್ರಿ ವಾದಿಸಲು ಇಷ್ಟೇ ಸಾಕಾಗುತ್ತದೆ ಎಂಬುದನ್ನು ನಾನು ಸಿರಸಂಗಿಯಲ್ಲಿ ಕಂಡೆನು. ಇಂದಿನ ಮಾತಿಗೆ ಆ ವಾದವೇ ಆಧಾರ.

ಸಿರಸಂಗಿ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಊರು. ಎರೆಯ ನೆಲ. ಊರಿನ ಹೆಸರನ್ನು ಸ್ಥಳಪುರಾಣವು ಋಷ್ಯಶೃಂಗ ಮುನಿಗೆ ಜೋಡಿಸುತ್ತದೆ. ವಿದ್ಯಾವಂತರಿಗೆ ಈ ಹೆಸರು ಪರಿಚಿತವಾಗಿರುವುದು ಮುಖ್ಯವಾಗಿ ದೇಸಾಯಿ ಲಿಂಗರಾಜರಿಂದ. ೧೮೬೧ರಲ್ಲಿ ಹುಟ್ಟಿ ೧೯೦೬ರಲ್ಲಿ ತೀರಿಕೊಂಡ ಈ ಮಹನೀಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟರು. ಬೆಳಗಾವಿಯಲ್ಲಿ ೧೯೩೩ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆದರೆ ಇಂದಿನ ನಮ್ಮ ವಿಷಯಕ್ಕೆ ದೇಸಾಯರ ವಾಡೆಗಿಂತ ಹತ್ತಿರವಾದುದು ಆ ಊರಿನ ಕಾಳಿಕಾದೇವಿಯ ಗುಡಿ. ವಿಶ್ವಕರ್ಮರು ಈ ದೇವಿಯನ್ನು ಕುಲದೇವತೆಯೆಂದು ಬಹು ದೂರದಿಂದ ಬಂದು ಪೂಜಿಸುವರು. ಕಂಬಾರ, ಬಡಿಗ, ಕಂಚಗಾರ, ಶಿಲ್ಪಿ, ಪತ್ತಾರ, ಹೀಗೆ ಐದು ಕಸುಬಿನವರೂ ಆಕೆಯ ಮಕ್ಕಳು.

ಗ್ರಾಮೊಫೋನನ್ನು ಬಿಚ್ಚಿ ನೋಡಿದವನಿಗೆ ಈ ಐವರೂ ಅದರಲ್ಲಿ ಕೈಯಾಡಿಸಿರುವಂತೆ ಕಾಣುತ್ತದೆ. ಉಕ್ಕಿನ ಕಮಾನು ಕಂಬಾರನದು, ಪೆಟ್ಟಿಗೆ ಬಡಿಗನದು, ಹಿತ್ತಾಳೆಯ ಹಲ್ಲಿನ ಗಾಲಿಗಳು ಕಂಚಗಾರನವು, ಅಂಗೈಯಲ್ಲಿ ಹಿಡಿಯುವಷ್ಟೇ ಇರುವ ಧ್ವನಿಪೆಟ್ಟಿಗೆಯ ನವುರಾದ ಕೆಲಸವಂತೂ ಪತ್ತಾರನಿಗಲ್ಲದೆ ಬೇರೆಯವರಿಗೆ ಸಾಗದು. ಕಲ್ಲಿನವನು ಎಲ್ಲಿ ಎಂದು ಕೇಳಬಹುದು. ಆತನು ಪ್ಲೇಟಿನಲ್ಲಿಯೇ ಇದ್ದಾನೆ. ಹಳೆಯ ಕರಿಯ ಪ್ಲೇಟು ಕೇವಲ ಅರಗಲ್ಲ. ಅರಗಿನೊಡನೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಹತ್ತಿಯ ಎಳೆ, ದೀಪದ ಮಸಿ ಇವುಗಳನ್ನು ಬೆರೆಸಿ ಬಿಸಿಯಲ್ಲಿ ಒತ್ತಿ ಮಾಡಿದ ಬಿಲ್ಲೆ ಅದು. ಅರಗಾದರೂ ನಮ್ಮ ದೇಶದ ಕಾಡುಮರಗಳ ಮೇಲೆ ಬೆಳೆಯುವ ಹುಳದ ಸೃಷ್ಟಿ. ಜಗತ್ತಿನ ಪ್ಲೇಟುಗಳಿಗೆಲ್ಲ ಅರಗನ್ನು ಒದಗಿಸಿದ ದೇಶಗಳಲ್ಲಿ ಹಿಂದುಸ್ಥಾನವೇ ಮುಖ್ಯವಾದುದು. ಈ ಕಲ್ಲಿನ ಪುಡಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಮುಳ್ಳಿನ ವಿಷಯ ಬಂದಾಗ ಅದು ಬೇಕಾಗುವುದು.

ನಾನು ಹೇಳಿದ ಮನೆಯಲ್ಲಿ ಎರಡು ಯಂತ್ರಗಳಿದ್ದವು. ಒಂದು, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ೧೯೩೧ರಲ್ಲಿ ಹೊರತಂದ ೧೦೨ ಎಂಬ ಅಂಕದ, ಕೈಯಲ್ಲಿ ಹಿಡಿದು ಒಯ್ಯುವ ಪೆಟ್ಟಿಗೆ. ಇದಕ್ಕೆ ವಿದ್ಯುತ್ತು ಬೇಡ. ಹಿಡಿಕೆ ತಿರುಗಿಸಿ ಕೀಲಿ ಕೊಟ್ಟರಾಯಿತು. ಇನ್ನೊಂದು ೧೯೭೦ರ ದಶಕದಲ್ಲಿ ಕೊಂಡ ವಿದ್ಯುತ್ತಿನ ರೆಕಾರ್ಡ್ ಪ್ಲೇಯರು. ಎರಡೂ ಮೂಕವಾಗಿದ್ದವು. ಪ್ರತಿ ವರ್ಷ ಖಂಡೇಪೂಜೆಯ ದಿನ ಎರಡಕ್ಕೂ ಕುಂಕುಮವಿಟ್ಟು ಹೂವೇರಿಸಿ ಮತ್ತೆ ಅಟ್ಟಕ್ಕೆ ಕಳುಹಿಸುವ ಪದ್ಧತಿ ನಡೆದುಬಂದಿತ್ತು. ಪೂಜೆಗೆ ಅರ್ಹವಾದುದು ಉಪಯೋಗಕ್ಕೆ ಅರ್ಹವಲ್ಲವೆಂಬ ಭಾವನೆ ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಜೊತೆಗೆ ಒಂದು ತಗಡಿನ ಟ್ರಂಕಿನ ತುಂಬ ಪ್ಲೇಟುಗಳು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವನ್ನು ಯಾರೂ ಹೊರತೆಗೆದಿರಲಿಲ್ಲ.

ಹಿರಿಯ ಮಗನು ಹೊಲ ನೋಡಿಕೊಂಡು ಊರಲ್ಲಿಯೇ ಇರುವವನು, ದುರಸ್ತಿಯ ಪಕ್ಷ. ಕಿರಿಯನು ಪುಣೆಯಲ್ಲಿ ನೌಕರಿ ಮಾಡುವವನು, ಹೊಸದರ ಪಕ್ಷ. "ಯಾಕಣ್ಣಾ, ಅಟ್ಟದ ಮ್ಯಾಲಿನ ಹಳೇ ಕಬ್ಬಿಣಕ್ಕ ರೊಕ್ಕಾ ಸುರೀತಿ?" ಎಂದು ಇವನು. ದುಡ್ಡಿನ ಲೆಕ್ಕ, ಅಭಿಮಾನದ ಲೆಕ್ಕ ಎರಡೂ ನಡೆದವು. ಕಡೆಗೆ ಎಂಬತ್ತು ದಾಟಿದ ಅವರ ತಾಯಿ, ಒಳಗಿನಿಂದಲೇ ಒಂದು ಮಾತು ಹೇಳಿದರು: "ಹೊಸಾದ ತಾ, ಬ್ಯಾಡ ಅಂದವರ‍್ಯಾರು? ಆದರ ಈ ಪ್ಲೇಟು ಅದರಾಗ ಹಾಡ್ತಾವೇನು, ಅದನ್ನಷ್ಟ ಮೊದಲ ಕೇಳಿ ಬಾ."

ನನಗೆ ತೋರುವಮಟ್ಟಿಗೆ ಇಡೀ ವಿಷಯದ ಕೀಲು ಈ ಒಂದು ಪ್ರಶ್ನೆಯಲ್ಲಿದೆ. ಪೆಟ್ಟಿಗೆಯ ವಯಸ್ಸು, ಅಂದ, ಮಾರುಕಟ್ಟೆಯ ಬೆಲೆ ಇವೆಲ್ಲ ಅನಂತರದ ಮಾತು. ಮೊದಲು ಟ್ರಂಕನ್ನು ತೆರೆದು ನೋಡಬೇಕು. ಯಾವ ಪ್ಲೇಟುಗಳಿಗಾಗಿ ಈ ಯಂತ್ರ ಬೇಕಾಗಿದೆ ಎಂಬುದು ಗೊತ್ತಾಗಬೇಕು.

ತೆರೆದೆವು. ಅರ್ಧಕ್ಕಿಂತ ಹೆಚ್ಚು ಎಪ್ಪತ್ತೆಂಟು ಸುತ್ತಿನ ಅರಗಿನ ಪ್ಲೇಟುಗಳು. ಉಳಿದವು ಮೂವತ್ತಮೂರು ಸುತ್ತಿನ, ನಾವು ಎಲ್.ಪಿ. ಎನ್ನುವ, ವಿನೈಲಿನ ದೊಡ್ಡ ಪ್ಲೇಟುಗಳು. ಈ ಎಪ್ಪತ್ತೆಂಟರ ಗಂಟಿನಲ್ಲಿ ಅಬ್ದುಲ್ ಕರೀಂ ಖಾನರು ಇದ್ದರು, ಮಲ್ಲಿಕಾರ್ಜುನ ಮನಸೂರರು ಇದ್ದರು, ಗಂಗೂಬಾಯಿ ಹಾನಗಲ್ಲರು ಇದ್ದರು, ಬೀಳಗಿಯಿಂದ ಮುಂಬಯಿಗೆ ಹೋಗಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರು ಇದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಏಕೆಂದರೆ ಈ ಪ್ಲೇಟುಗಳನ್ನು ಹಳೆಯ ಮೋಜಿನ ವಸ್ತುಗಳೆಂದು ತಿಳಿಯುವವರೂ ಉಂಟು. ನಮ್ಮ ದೇಶದಲ್ಲಿ ವಾಣಿಜ್ಯರೀತಿಯ ಧ್ವನಿಮುದ್ರಣವು ಮೊದಲಾದುದು ೧೯೦೨ರ ನವೆಂಬರಿನಲ್ಲಿ. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ಆಗ ಪ್ಲೇಟು ಒತ್ತುವ ಕಾರ್ಖಾನೆ ಇಲ್ಲಿರಲಿಲ್ಲ; ಜರ್ಮನಿಯ ಹ್ಯಾನೋವರಿನಲ್ಲಿ ಒತ್ತಿಸಿ ಹಡಗಿನಲ್ಲಿ ತರಿಸುತ್ತಿದ್ದರು. ೧೯೦೮ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಅದೇ ಗೌಹರ್ ಜಾನ್ ತಮ್ಮ ಕಡೆಗಾಲವನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹಳೆಯ ಮೈಸೂರಿಗೆ ಗ್ರಾಮೊಫೋನಿನ ಸಂಬಂಧ ಅಷ್ಟಕ್ಕೇ ಮುಗಿಯುವುದಿಲ್ಲ. ಮಹಾರಾಜ ಜಯಚಾಮರಾಜ ಒಡೆಯರು ಮುದ್ರಿಕೆಗಳ ದೊಡ್ಡ ಸಂಗ್ರಾಹಕರು. ರಷ್ಯದ ವಾಗ್ಗೇಯಕಾರ ಮೆಟ್ನರನು ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ ಆತನ ಕೃತಿಗಳನ್ನು ಮುದ್ರಿಸಲು ೧೯೪೦ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದವರು ಅವರೇ.

ಉತ್ತರ ಕರ್ನಾಟಕಕ್ಕಾದರೋ ಈ ಕರಿಯ ಬಿಲ್ಲೆ ಒಂದು ಪಾಠಶಾಲೆಯೇ ಆಗಿತ್ತು. ೧೯೨೪ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಂಬ ಬಾಲಕನು ಹಿರಿಯ ಗಾಯಕರ ಪ್ಲೇಟುಗಳನ್ನು ಕೇಳಿ ಕೇಳಿ, ಅವರ ತಾನುಗಳನ್ನೂ ಕಂಠದ ವೈಖರಿಯನ್ನೂ ಇದ್ದಂತೆಯೇ ಹಾಡಿ ದೊಡ್ಡವರನ್ನು ಬೆರಗುಗೊಳಿಸಿದನು. ೧೯೩೬ರಲ್ಲಿ ಮುಂಬಯಿಯ ದೇವಧರ ಮಾಸ್ತರರ ಬಳಿಗೆ ಸೇರುವ ಮೊದಲೇ ಆತನು ಕುಮಾರ ಗಂಧರ್ವನೆಂದು ಹೆಸರಾಗಿದ್ದನು. ಗದಗಿನ ಭೀಮಸೇನ ಜೋಶಿಯವರು ೧೯೩೩ರಲ್ಲಿ, ಇನ್ನೂ ಹನ್ನೊಂದು ವರ್ಷದ ಹುಡುಗರಾಗಿರುವಾಗ, ಮನೆಬಿಟ್ಟು ಗುರುವನ್ನು ಹುಡುಕಿ ಹೊರಟುದಕ್ಕೂ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯ ಪ್ಲೇಟೇ ಪ್ರೇರಣೆಯೆಂಬುದು ಪ್ರಸಿದ್ಧವಾಗಿದೆ. ಗಂಗೂಬಾಯಿಯವರ ಮೊದಲ ಪ್ಲೇಟುಗಳು ೧೯೩೦ರ ದಶಕದ ಆದಿಯಲ್ಲಿ ಬಂದಾಗ ಅವುಗಳ ಮೇಲೆ ಇದ್ದುದು ಗಾಂಧಾರಿ ಎಂಬ ಹೆಸರು. ಟ್ರಂಕಿನಲ್ಲಿ ಆ ಹೆಸರಿನ ಪ್ಲೇಟೊಂದನ್ನು ಕಂಡ ಕಿರಿಯ ಮಗನು "ಇವರು ಯಾರು?" ಎಂದು ಕೇಳಿದುದೂ, ಹೇಳಿದ ಮೇಲೆ ಆತನ ಹೊಸ ಯಂತ್ರದ ಉತ್ಸಾಹವು ಸ್ವಲ್ಪ ಹೊತ್ತು ತಣ್ಣಗಾದುದೂ ಸಹಜವೇ.

ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಒಂದು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಆದರೂ ಅದರ ಜೀವವನ್ನು ಬಿಡದಂತೆ ಹಾಡಿದ ಆ ಜನರ ಕೌಶಲವೇ ಬೇರೆ. ಈ ಪ್ಲೇಟುಗಳಲ್ಲಿ ಹಲವು ಎಲ್.ಪಿ.ಯಾಗಿಯೂ ಕ್ಯಾಸೆಟ್ಟಾಗಿಯೂ ಮತ್ತೆ ಬಂದಿವೆ, ಹಲವು ಬಂದಿಲ್ಲ. ಬಾರದೆ ಉಳಿದವು ಎಷ್ಟು ಮನೆಗಳ ಟ್ರಂಕಿನಲ್ಲಿವೆಯೋ ಅಷ್ಟೇ ಲೋಕದಲ್ಲಿ ಇವೆ.

ಈಗ ಯಂತ್ರದ ಮಾತು. ಮೊದಲನೆಯ ಸೂತ್ರ ಇದು: ಬಿಚ್ಚಿ ನೋಡುವ ಮುಂಚೆ ತೀರ್ಮಾನ ಮಾಡಬಾರದು. ಕೀಲಿಯ ಗ್ರಾಮೊಫೋನು ನಿಂತಿತೆಂದರೆ ಜನರು ಕೂಡಲೆ ಕಮಾನು ಮುರಿದಿದೆಯೆನ್ನುವರು. ಮುರಿದಿದ್ದರೆ ಹಿಡಿಕೆಯನ್ನು ಎಷ್ಟು ತಿರುಗಿಸಿದರೂ ಬಿಗಿ ಹತ್ತುವುದಿಲ್ಲ. ಬಿಗಿ ಹತ್ತಿಯೂ ತಟ್ಟೆ ತಿರುಗದಿದ್ದರೆ, ಅಥವಾ ಧಡ್ ಧಡ್ ಎಂದು ಕುಪ್ಪಳಿಸುತ್ತ ತಿರುಗಿದರೆ, ಬಹುಮಟ್ಟಿಗೆ ದೋಷವು ಕಮಾನಿನದಲ್ಲ, ಅದಕ್ಕೆ ಹಚ್ಚಿದ ಗ್ರೀಸಿನದು. ಹಲವು ಅಡಿ ಉದ್ದದ ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ಒಂದು ಡಬ್ಬಿಯೊಳಗೆ ಇಟ್ಟಿರುತ್ತಾರೆ. ಪಟ್ಟಿಯ ಪದರಗಳು ಒಂದರ ಮೇಲೊಂದು ಜಾರಲೆಂದು ಸೀಸದ ಕಡ್ಡಿಯಲ್ಲಿರುವಂತಹ ಕಪ್ಪು ಗ್ರಾಫೈಟು ಬೆರೆಸಿದ ಗ್ರೀಸನ್ನು ಹಚ್ಚಿರುತ್ತಾರೆ. ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಅದು ಅಂಟಾಗಿ, ಆಮೇಲೆ ಗಟ್ಟಿಯಾಗಿ, ಪದರಗಳನ್ನು ಹಿಡಿದುಬಿಡುತ್ತದೆ. ಡಬ್ಬಿಯನ್ನು ತೆಗೆದು, ಸುರುಳಿಯನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಹಚ್ಚಿ ಮತ್ತೆ ಸುತ್ತಿದರೆ ಯಂತ್ರಕ್ಕೆ ಹೊಸ ಪ್ರಾಣ ಬರುವುದು. ಆದರೆ ಇದು ಮನೆಯವರು ಕುತೂಹಲಕ್ಕಾಗಿ ಮಾಡುವ ಕೆಲಸವಲ್ಲ. ಸುತ್ತಿದ ಕಮಾನು ಕೈತಪ್ಪಿದರೆ ಬೆರಳನ್ನು ಸೀಳಿಬಿಡಬಲ್ಲದು. ಕೀಲಿಯನ್ನು ಪೂರ್ತಿ ಇಳಿಸದೆ ಯಂತ್ರದ ಒಂದು ತಿರುಪನ್ನೂ ಮುಟ್ಟಬಾರದು.

ಎರಡನೆಯ ಅವಯವ ಗವರ್ನರು. ಕಮಾನಿಗೆ ವಿವೇಕವಿಲ್ಲ, ಇದ್ದ ಬಲವನ್ನೆಲ್ಲ ಒಮ್ಮೆಗೇ ಸುರಿಯುವುದು ಅದರ ಸ್ವಭಾವ. ಅದನ್ನು ಹತೋಟಿಯಲ್ಲಿಡಲು ಒಂದು ಸಣ್ಣ ಕಂಬಿಯ ಸುತ್ತ ಮೂರು ತೂಕದ ಗುಂಡುಗಳನ್ನು ತೆಳುವಾದ ಪಟ್ಟಿಗಳಿಗೆ ಬಿಗಿದಿರುತ್ತಾರೆ. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಹಾರುತ್ತವೆ. ಹಾರಿದಂತೆ ಒಂದು ಬಿಲ್ಲೆಯನ್ನು ಎಳೆದು ಫೆಲ್ಟಿನ ತುಣುಕಿಗೆ ಉಜ್ಜಿಸುತ್ತವೆ. ಉಜ್ಜಿದಂತೆ ವೇಗ ಇಳಿಯುತ್ತದೆ. ಫೆಲ್ಟು ಸವೆದು ಎಣ್ಣೆಯಾರಿದ್ದರೆ ಗಾಯಕನ ಸ್ವರ ನಡುಗುವುದು. ಸಿರಸಂಗಿಯ ಪೆಟ್ಟಿಗೆಯಲ್ಲಿ ಫೆಲ್ಟು ಇರಲೇ ಇಲ್ಲ; ಅದರ ಜಾಗದಲ್ಲಿ ಯಾವುದೋ ಇಲಿಯ ಸಂಸಾರದ ಕುರುಹುಗಳಿದ್ದವು. ಹಳೆಯ ಕಂಬಳಿಯ ತುಣುಕನ್ನು ಕತ್ತರಿಸಿ ಎಣ್ಣೆಯಲ್ಲಿ ನೆನಸಿ ಕೂರಿಸಿದಾಗ ಅದು ಸರಿಯಾಗಿಯೇ ಕೆಲಸ ಮಾಡಿತು.

ಮೂರನೆಯದು ಧ್ವನಿಪೆಟ್ಟಿಗೆ. ಮುಳ್ಳಿನ ಅಲುಗಾಟವನ್ನು ಶಬ್ದವಾಗಿಸುವ ಪೊರೆ ಇದರೊಳಗಿದೆ. ಹಳೆಯ ಯಂತ್ರಗಳಲ್ಲಿ ಅದು ಅಭ್ರಕದ್ದು, ೧೦೨ರಂತಹವುಗಳಲ್ಲಿ ಅಲ್ಯೂಮಿನಿಯಮ್ಮಿನದು. ಪೊರೆಯ ಅಂಚನ್ನು ಹಿಡಿದಿರುವುದು ರಬ್ಬರಿನ ಬಳೆ. ರಬ್ಬರು ಮೆತ್ತಗಿರುವತನಕ ಸ್ವರವೂ ದುಂಡಗಿರುವುದು. ರಬ್ಬರು ಕಲ್ಲಾದೊಡನೆ ಸ್ವರವು ಚಿರಚಿರ ಎನ್ನತೊಡಗುವುದು. ಕೇಳುವವರು ಪ್ಲೇಟು ಸವೆದಿದೆಯೆಂದು ತಿಳಿಯುವರು. ಎಷ್ಟೋ ಒಳ್ಳೆಯ ಪ್ಲೇಟುಗಳು ಈ ಸುಳ್ಳು ಆಪಾದನೆಯಿಂದ ತಿಪ್ಪೆ ಸೇರಿವೆ. ಬಳೆ ಬದಲಿಸುವ ಕೆಲಸಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಮೂಗುತಿಯ ಹರಳು ಕೂರಿಸಬಲ್ಲ ಕೈ ಸಾಕು. ಬೈಲಹೊಂಗಲದ ಪತ್ತಾರರೊಬ್ಬರು ತಾಮ್ರದ ಸಣ್ಣ ಕಂಬಿಯಷ್ಟು ದಪ್ಪದ ಮೆತ್ತನೆಯ ರಬ್ಬರಿನ ನಳಿಗೆಯನ್ನು ತರಿಸಿ, ಒಂದೇ ಮಧ್ಯಾಹ್ನದಲ್ಲಿ ಅದನ್ನು ಮುಗಿಸಿಕೊಟ್ಟರು. ಕೂಲಿ ಕೇಳಿದರೆ, "ದೇವಿ ಊರಿನ ಪೆಟ್ಟಿಗಿ, ಹಾಡಿದ ಮ್ಯಾಲ ಕೊಡ್ರಿ" ಎಂದರಂತೆ.

ಯಾವಾಗ ಕೈಬಿಡಬೇಕು ಎಂಬುದನ್ನೂ ಹೇಳಬೇಕು. ಅಂದಿನ ಕೆಲವು ಯಂತ್ರಗಳಲ್ಲಿ ತೋಳನ್ನೋ ಧ್ವನಿಪೆಟ್ಟಿಗೆಯ ಕವಚವನ್ನೋ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದಾರೆ. ಸತುವಿನಲ್ಲಿ ಸೀಸ ಮೊದಲಾದ ಕಲಬೆರಕೆಯಿದ್ದರೆ ಕಾಲಕ್ರಮದಲ್ಲಿ ಅದು ಒಳಗಿನಿಂದಲೇ ಉಬ್ಬಿ ಬಿರಿದು ಪುಡಿಯಾಗುತ್ತದೆ. ಇದಕ್ಕೆ ಔಷಧವಿಲ್ಲ. ಅಂಟು ಹಚ್ಚಿದರೆ ನಾಲ್ಕು ದಿನ. ಅದೇ ಜಾತಿಯ ಇನ್ನೊಂದು ಹಾಳಾದ ಯಂತ್ರದಿಂದ ಆ ಭಾಗವು ಸಿಕ್ಕಿದರೆ ಸರಿ, ಇಲ್ಲವಾದರೆ ದುರಸ್ತಿಯ ಮಾತನ್ನು ಅಲ್ಲಿಗೆ ನಿಲ್ಲಿಸುವುದೇ ಜಾಣತನ. ಸಿರಸಂಗಿಯ ಪೆಟ್ಟಿಗೆಗೆ ಆ ರೋಗ ತಗಲಿರಲಿಲ್ಲ.

ಈ ನಡುವೆ ದೊಡ್ಡ ಶಹರದಿಂದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ಬಂದು ಪೆಟ್ಟಿಗೆಗೆ ಒಳ್ಳೆಯ ಬೆಲೆ ಹೇಳಿದನು. ಇಷ್ಟು ಬೆಲೆಗೆ ಒಂದು ಹೊಸ ಯಂತ್ರವೇ ಬರುವುದಲ್ಲ ಎಂದು ಕಿರಿಯನಿಗೆ ಆಸೆಯಾಯಿತು. ನಗರವಾಸಿಗಳಾದ ಶ್ರೋತೃಗಳು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹಿತ್ತಾಳೆಯ ದೊಡ್ಡ ತುತ್ತೂರಿಯಿರುವ, ಹೊಳೆಯುವ ಮರದ ಪೆಟ್ಟಿಗೆಯ 'ಪುರಾತನ' ಗ್ರಾಮೊಫೋನುಗಳು ಪೇಟೆಗಳಲ್ಲಿ ಧಾರಾಳವಾಗಿ ಮಾರಾಟಕ್ಕಿವೆ. ಅವುಗಳಲ್ಲಿ ಬಹುಪಾಲು ಪುರಾತನವಲ್ಲ. ಪೆಟ್ಟಿಗೆ ಹೊಸದು, ತುತ್ತೂರಿ ಹೊಸದು, ನಾಯಿಯ ಚಿತ್ರವೂ ಹೊಸದು. ಒಳಗಿನ ಯಂತ್ರ ಮಾತ್ರ ಇಂತಹ ಕೈಪೆಟ್ಟಿಗೆಗಳನ್ನು ಒಡೆದು ಕಿತ್ತುದು. ಆ ತೋಳಿನ ಕೋನವೂ ತೂಕವೂ ಸರಿಯಿಲ್ಲದೆ ಅವು ಪ್ಲೇಟನ್ನು ಉಳುತ್ತವೆ. ಸಾಚಾ ಆಗಿರುವ, ಹಾಡಬಲ್ಲ ೧೦೨ನ್ನು ಕೊಟ್ಟು ಅದರ ಹೃದಯವನ್ನು ಅಂತಹ ವೇಷಗಾರನ ಎದೆಗೆ ಕಳುಹಿಸುವುದು ನನಗೆ ಒಪ್ಪಲಿಲ್ಲ. ಹಿರಿಯ ಮಗನು ವ್ಯಾಪಾರಿಗೆ ಚಹ ಕೊಟ್ಟು ಕಳುಹಿಸಿದನು.

ವಿದ್ಯುತ್ತಿನ ಪ್ಲೇಯರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಾಯಿತು. ಅದರ ತಟ್ಟೆಯನ್ನು ತಿರುಗಿಸುವುದು ಮೋಟರಿನ ಮೂತಿಗೂ ತಟ್ಟೆಯ ಅಂಚಿಗೂ ನಡುವೆ ಸಿಕ್ಕಿಕೊಂಡಿರುವ ರಬ್ಬರಿನ ಒಂದು ಗಾಲಿ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಸುತ್ತು ಸುತ್ತಿಗೂ ಗುಡುಗಿದಂತೆ ಸದ್ದು. ಅದನ್ನು ಹೇಗಾದರೂ ಸರಿಪಡಿಸಬಹುದು, ರಬ್ಬರು ಹೊಸದಾಗಿ ಕಟ್ಟಿಸಬಹುದು. ಆದರೆ ಆ ಯಂತ್ರದ ಮುಳ್ಳಿನ ಮೇಲೆ ಕೂತಿದ್ದುದು ರೋಶೆಲ್ ಲವಣದ ಸ್ಫಟಿಕ. ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ಗುಣ ಈ ಲವಣಕ್ಕೆ ಇದೆ. ಗಾಳಿಯ ತೇವಕ್ಕೆ ಕರಗಿ ಕೆಡುವ ಗುಣವೂ ಇದೆ. ಆ ಕಾಲದ ಇಂತಹ ಸ್ಫಟಿಕಗಳಲ್ಲಿ ಈಗ ಜೀವ ಉಳಿದಿರುವುದು ಬಹು ವಿರಳ. ಅದರ ಬದಲು ಸಿರಾಮಿಕ್ಕಿನದನ್ನು ಹಾಕಬೇಕು. ಒಳಗಿನ ಕಂಡೆನ್ಸರುಗಳು ಒಣಗಿ ಝುಂಯ್ ಎನ್ನುತ್ತಿದ್ದವು, ಅವನ್ನೂ ಬದಲಿಸಬೇಕು. ತಂತಿಗಳ ಹೊದಿಕೆ ಸೀಳಿತ್ತು. ಹೀಗೆ ಎಲ್ಲವನ್ನೂ ಬದಲಿಸಿದ ಮೇಲೆ ಹಳೆಯದು ಉಳಿಯುವುದು ಹೊರಗಿನ ಪ್ಲಾಸ್ಟಿಕ್ಕಿನ ಚಿಪ್ಪು. ಆ ಚಿಪ್ಪಿನಲ್ಲಿ ಕಾಪಾಡತಕ್ಕದ್ದು ಏನೂ ಕಾಣಲಿಲ್ಲ. ಇದರ ಬದಲು ಹೊಸದನ್ನು ತರುವುದೇ ಸರಿ ಎಂದೆವು.

ಹಾಗಾದರೆ ಎಂತಹ ಹೊಸದು? ಇಲ್ಲಿಯೇ ತಾಯಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಈಗ ಬರುವ ಹೊಸ ಯಂತ್ರಗಳಲ್ಲಿ ಅನೇಕವು ಮೂವತ್ತಮೂರರ ಮೇಲೆ ಮೂರನೆಯ ಒಂದು ಭಾಗಕ್ಕೂ ನಲವತ್ತೈದಕ್ಕೂ ಮಾತ್ರ ತಿರುಗುತ್ತವೆ. ಎಪ್ಪತ್ತೆಂಟು ಅವುಗಳಿಗೆ ಗೊತ್ತಿಲ್ಲ. ಮೂರು ವೇಗಗಳೂ ಇವೆಯೆಂದು ಬರೆದಿರುವ ಅಗ್ಗದ ಪೆಟ್ಟಿಗೆಗಳಲ್ಲಿಯೂ ಒಂದು ಮೋಸವಿದೆ. ವೇಗ ಇದ್ದರೆ ಸಾಲದು, ಮುಳ್ಳು ಬೇಕು. ಅರಗಿನ ಪ್ಲೇಟಿನ ಗೀರು ಅಗಲವಾದುದು. ಅದಕ್ಕೆ ತುದಿಯ ತ್ರಿಜ್ಯವು ಅಂಗುಲದ ಸಾವಿರದಲ್ಲಿ ಸುಮಾರು ಮೂರು ಭಾಗದಷ್ಟಿರುವ ಮುಳ್ಳು ಬೇಕು. ಎಲ್.ಪಿ.ಯ ಗೀರಿಗೆ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಸಾಕು. ಸಣ್ಣ ಮುಳ್ಳನ್ನು ಅಗಲದ ಗೀರಿಗೆ ಬಿಟ್ಟರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ತಡಕಾಡುತ್ತದೆ. ಕೇಳಿಸುವುದು ಹಾಡಲ್ಲ, ಮಳೆ. ಆದುದರಿಂದ ಎಪ್ಪತ್ತೆಂಟರ ವೇಗವುಳ್ಳ, ಮುಳ್ಳನ್ನು ಬದಲಿಸಬಹುದಾದ, ಎರಡು ಬಗೆಯ ಮುಳ್ಳುಗಳೂ ದೊರೆಯುವ ಯಂತ್ರವನ್ನೇ ಕೊಳ್ಳಬೇಕು. ಅಂಗಡಿಯವನು ಇದಕ್ಕೆ ಉತ್ತರ ಹೇಳಲಾರದೆ ಪೆಟ್ಟಿಗೆಯ ಬಣ್ಣವನ್ನು ಹೊಗಳತೊಡಗಿದರೆ ಅಲ್ಲಿಂದ ಎದ್ದುಬರುವುದು ಉತ್ತಮ.

ಇದಕ್ಕೆ ವಿಪರ್ಯಯವಾದ ಅಪಾಯ ಇನ್ನೂ ದೊಡ್ಡದು. ಕೀಲಿಯ ಗ್ರಾಮೊಫೋನಿನ ಧ್ವನಿಪೆಟ್ಟಿಗೆ ಪ್ಲೇಟಿನ ಮೇಲೆ ನೂರು ಗ್ರಾಮಿಗಿಂತ ಹೆಚ್ಚು ಭಾರ ಹಾಕುತ್ತದೆ, ಎಲ್.ಪಿ.ಗೆ ತಕ್ಕ ಭಾರ ಎರಡು ಗ್ರಾಮಿನ ಆಸುಪಾಸು. ಎಲ್.ಪಿ.ಯನ್ನು ತಪ್ಪಿ ೧೦೨ರ ಮೇಲೆ ಇಟ್ಟರೆ ಒಂದೇ ಸಲದಲ್ಲಿ ಅದು ಹಾಳಾಗುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿಡಬೇಕು.

ಕಲ್ಲಿನ ಪುಡಿಯನ್ನು ನೆನಪಿಡಿರಿ ಎಂದಿದ್ದೆನಷ್ಟೆ. ಉಕ್ಕಿನ ಮುಳ್ಳು ಆ ಪುಡಿಗಿಂತ ಮೆತ್ತಗಿನದು. ಪ್ಲೇಟು ಸುತ್ತತೊಡಗಿದ ಮೊದಲ ಕೆಲವು ಸುತ್ತುಗಳಲ್ಲಿಯೇ ಪುಡಿಯು ಮುಳ್ಳನ್ನು ಅರೆದು ಗೀರಿನ ಆಕಾರಕ್ಕೆ ತರುತ್ತದೆ. ಆಮೇಲೆ ಹಾಡು ಸುಖವಾಗಿ ಸಾಗುತ್ತದೆ. ಇದು ಯಂತ್ರ ಮಾಡಿದವರ ಉದ್ದೇಶವೇ ಆಗಿತ್ತು. ಆದರೆ ಮಗ್ಗುಲು ಮುಗಿಯುವ ಹೊತ್ತಿಗೆ ಮುಳ್ಳಿನ ತುದಿ ಉಳಿಯ ಬಾಯಿಯಂತೆ ಚಪ್ಪಟೆಯಾಗಿ ಹರಿತವಾಗಿರುತ್ತದೆ. ಅದೇ ಮುಳ್ಳಿನಿಂದ ಎರಡನೆಯ ಮಗ್ಗುಲನ್ನು ಹಾಡಿಸುವವನು ಉಳಿಯಿಂದಲೇ ಕೊರೆಯುತ್ತಿದ್ದಾನೆ. ಒಂದು ಮಗ್ಗುಲಿಗೆ ಒಂದು ಮುಳ್ಳು, ಇದು ಮೀರಬಾರದ ನಿಯಮ. ಇನ್ನೂರು ಮುಳ್ಳುಗಳ ಪುಟ್ಟ ತಗಡಿನ ಡಬ್ಬಿಗಳು ಮಾರುತ್ತಿದ್ದುದು ಇದಕ್ಕಾಗಿಯೇ. ನಮ್ಮ ಹಿರಿಯರು ಮಿತವ್ಯಯಿಗಳು. ಒಂದು ಮುಳ್ಳಿನಲ್ಲಿ ಒಂದು ಮದುವೆಯನ್ನೇ ಮುಗಿಸಿದವರುಂಟು. ಟ್ರಂಕಿನ ಪ್ಲೇಟುಗಳಲ್ಲಿ ಯಾವ ಹಾಡು ಮನೆಗೆ ಅತಿ ಪ್ರಿಯವಾಗಿತ್ತೆಂಬುದನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ಗೀರುಗಳು ಬೂದುಬಣ್ಣಕ್ಕೆ ತಿರುಗಿದ್ದನ್ನು ನೋಡಿದರೆ ಸಾಕಾಗಿತ್ತು. ಉಕ್ಕಿನ ಮುಳ್ಳುಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ, ದೊರೆಯುತ್ತವೆ.

ಪ್ಲೇಟುಗಳನ್ನು ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ವಿನೈಲಿನ ಪ್ಲೇಟುಗಳಿಗೆ ಸ್ಪಿರಿಟ್ಟು ಬೆರೆಸಿದ ದ್ರವಗಳನ್ನು ಮಾರುತ್ತಾರೆ. ಅರಗಿಗೆ ಸ್ಪಿರಿಟ್ಟು ವಿಷ. ಬಡಗಿಗಳು ಪಾಲಿಷ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿಯೇ ಅಲ್ಲವೆ? ಎರೆಮಣ್ಣಿನ ಧೂಳು ಕೂತ ಪ್ಲೇಟಿಗೆ ಉಗುರು ತಣ್ಣನೆಯ ನೀರು, ಒಂದೆರಡು ಹನಿ ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ಷು ಸಾಕು. ನಡುವಿನ ಕಾಗದಕ್ಕೆ ನೀರು ತಗಲಬಾರದು. ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಆರಿಸಬೇಕು. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ವೇಗದ ಮಾತು ಉಳಿಯಿತು. ಕಂಬಳಿಯ ತುಣುಕು ಹಾಕಿದ ಮೇಲೆ ತಟ್ಟೆ ತಿರುಗಿತು. ಆದರೆ ಎಷ್ಟು ಸುತ್ತು? ಅಂಚಿನಲ್ಲಿ ಎಪ್ಪತ್ತೇಳು ಕರಿಯ ಗೆರೆಗಳಿರುವ ಕಾಗದದ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಟ್ಟು, ನಮ್ಮ ದೇಶದ ಐವತ್ತು ಆವರ್ತದ ವಿದ್ಯುತ್ತಿನ ದೀಪದಡಿ ನೋಡಿದರೆ, ವೇಗವು ಸರಿಯಾಗಿ ಎಪ್ಪತ್ತೆಂಟರ ಹತ್ತಿರ ಇದ್ದಾಗ ಗೆರೆಗಳು ನಿಂತಂತೆ ಕಾಣುವುವು. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಹಲವಕ್ಕೆ ಬೇಕಾದ ಮಿನುಗು ಇಲ್ಲ. ಹಳೆಯ ಬಲ್ಬೋ ನಿಯಾನ್ ದೀಪವೋ ಬೇಕು. ಅದೂ ಇಲ್ಲವಾದರೆ ಪ್ಲೇಟಿನ ಕೆಳಗೆ ಕಾಗದದ ಚೂರೊಂದನ್ನು ಸಿಕ್ಕಿಸಿ, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಬೇಕು. ಮುಳ್ಳು ಪ್ಲೇಟಿನ ಮೇಲಿರುವಾಗಲೇ ಎಣಿಸತಕ್ಕದ್ದು, ಏಕೆಂದರೆ ಅದರ ಭಾರದಿಂದ ವೇಗ ತಗ್ಗುತ್ತದೆ. ನಾಲ್ಕೈದು ಸುತ್ತು ಹೆಚ್ಚಾದರೆ ಸಾಕು, ಷಡ್ಜವು ಕೋಮಲ ರಿಷಭದ ಜಾಗಕ್ಕೆ ಏರಿಬಿಡುತ್ತದೆ. ಇಷ್ಟಾದರೂ ಗಾಯಕನ ಸ್ವಂತ ಶ್ರುತಿಯನ್ನೇ ಹಿಡಿದೆವೆಂದು ಹೇಳುವಂತಿಲ್ಲ. ಆ ಕಾಲದಲ್ಲಿ ಪ್ಲೇ‌ಟುಗಳನ್ನೆಲ್ಲ ಕರಾರುವಾಕ್ಕಾಗಿ ಎಪ್ಪತ್ತೆಂಟಕ್ಕೇ ಮುದ್ರಿಸುತ್ತಿರಲಿಲ್ಲ. ಅಂತಹ ಕಡೆ ಗಡಿಯಾರವನ್ನು ಬದಿಗಿಟ್ಟು ಕಿವಿಯನ್ನು ನಂಬುವುದು ವಾಸಿ.

ಕಡೆಗೆ ಮನೆಯವರು ಒಪ್ಪಿದ ಏರ್ಪಾಡು ಹೀಗಿದೆ. ೧೦೨ನ್ನು ದುರಸ್ತಿ ಮಾಡಿಸಿಯಾಯಿತು. ಅದರ ಮೇಲೆ ಒಂದಕ್ಕಿಂತ ಹೆಚ್ಚು ಪ್ರತಿಯಿರುವ ಪ್ಲೇಟುಗಳನ್ನೂ ಬೇರೆ ಕಡೆ ಸುಲಭವಾಗಿ ಸಿಗುವ ಹಾಡುಗಳನ್ನೂ ಮಾತ್ರ ಹಾಡಿಸುವುದು. ನೂರು ಗ್ರಾಮಿನ ಭಾರವು ಎಷ್ಟು ಹೊಸ ಮುಳ್ಳು ಹಾಕಿದರೂ ಸ್ವಲ್ಪ ಸವೆಸಿಯೇ ತೀರುವುದು. ವಿರಳವಾದವುಗಳನ್ನು, ಗಾಂಧಾರಿಯ ಪ್ಲೇಟನ್ನು ಸೇರಿಸಿ, ಹೊಸ ಯಂತ್ರದ ಹಗುರವಾದ ತೋಳಿನಡಿ ಅಗಲದ ಮುಳ್ಳಿನಿಂದ ಒಂದು ಸಲ ಹಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಇಳಿಸಿಕೊಂಡ ಪ್ರತಿಯೊಂದನ್ನು ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆಯಂತಹ ಹಳೆಯ ಮುದ್ರಿಕೆಗಳ ಭಂಡಾರಕ್ಕೆ ಒಪ್ಪಿಸಬಹುದೆ ಎಂದು ಕಿರಿಯನು ವಿಚಾರಿಸುತ್ತಿದ್ದಾನೆ. ಅವನಿಗೆ ಹೊಸ ಯಂತ್ರ ತಂದ ತೃಪ್ತಿ, ಇವನಿಗೆ ಹಳೆಯದು ಉಳಿದ ತೃಪ್ತಿ. ವ್ಯಯದ ಲೆಕ್ಕದಲ್ಲಿ ದುರಸ್ತಿಯೇ ಅಗ್ಗವಾಯಿತೆಂಬುದನ್ನು ಹಿರಿಯನು ತಮ್ಮನಿಗೆ ಮೂರು ಸಲ ಹೇಳಿದನೆಂದು ಕೇಳಿದ್ದೇನೆ.

ತಾಯಿಯವರು ಮನಸೂರರ ಪ್ಲೇಟನ್ನು ಮೊದಲು ಹಳೆಯ ಪೆಟ್ಟಿಗೆಯಲ್ಲಿ, ಆಮೇಲೆ ಹೊಸದರಲ್ಲಿ ಕೇಳಿದರು. ಹೊಸದರಲ್ಲಿ ತಂಬೂರಿ ಕೇಳಿಸುತ್ತದೆ, ಇದರಲ್ಲಿ ಎಂದೂ ಕೇಳಿಸಿರಲಿಲ್ಲ ಎಂದರು. ಹಳೆಯದರ ವಿಷಯವಾಗಿ ಏನೂ ಹೇಳಲಿಲ್ಲ. ಮಾರನೆಯ ದಿನ ಅದಕ್ಕೆ ಹಳೆಯ ಇಲಕಲ್ಲ ಸೀರೆಯ ತುಂಡಿನಿಂದ ಹೊಸ ಗವಸು ಹೊಲಿದಿದ್ದರು. ಮುಚ್ಚಳದ ತಿರುಗಣಿಯೊಂದು ಮಾತ್ರ ಇನ್ನೂ ಸಡಿಲಾಗಿಯೇ ಇದೆ. ಯುಗಾದಿಗೆ ದೇವಿಯ ಜಾತ್ರೆಯಿರುವುದರಿಂದ ಅದು ಮುಗಿಯುವವರೆಗೆ ತಮಗೆ ಕೈಬಿಡುವಿಲ್ಲವೆಂದು ಬಡಿಗರು ಹೇಳಿ ಕಳುಹಿಸಿದ್ದಾರೆ.